ಸಂಶೋಧನೆಯ ಕೆಲಸದಲ್ಲಿ ನಿಮಗೆ ನಿಜವಾಗಿ ಖುಷಿ ಕೊಡುವುದು ಏನು?

ಸುಂಟಿಕೊಪ್ಪದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಸಸ್ಯಶಾಸ್ತ್ರ ಅಂದರೆ ನನಗೆ ಪ್ರಾಣ. ಮುಂದೆ ಸಂಶೋಧನೆಗೆ ಹೋಗಬೇಕೆಂಬ ಆಸೆ. ಮನೆಯಲ್ಲಿ ನಾಲ್ಕು ಎಕರೆ ಕಾಫಿ ಇದೆ. ಅಪ್ಪ ಬೇಡ ಅನ್ನುವುದಿಲ್ಲ. ಆದರೆ ನಿನ್ನೆ ಊಟಕ್ಕೆ ಕೂತಾಗ ಕೇಳಿದರು: "ವರ್ಷವಿಡೀ ಅದೇ ಗಿಡ, ಅದೇ ಲೆಕ್ಕ. ಅದರಲ್ಲಿ ಖುಷಿ ಎಲ್ಲಿಂದ ಬರುತ್ತೆ ಮಗಳೇ?" ನನಗೆ ಉತ್ತರ ಹೊಳೆಯಲಿಲ್ಲ. ಸಂಬಳದ ವಿಷಯ ಬೇರೆಯವರ ಹತ್ತಿರ ಕೇಳಿಕೊಂಡಿದ್ದೇನೆ. ಈ ಕೆಲಸದಲ್ಲೇ ಇರುವವರು ಹೇಳಿ, ಯಾವುದಕ್ಕಾಗಿ ಬೆಳಗ್ಗೆ ಎದ್ದು ಹೋಗುತ್ತೀರಿ?

ಹೂಮಳೆ:

ತಂಗೀ, ನಾನು ವಿರಾಜಪೇಟೆ ಕಡೆಯವಳು. ಹನ್ನೊಂದು ವರ್ಷದಿಂದ ಕಾಫಿ ಹೂವಿನ ಪರಾಗಸ್ಪರ್ಶದ ಮೇಲೆ ಕೆಲಸ ಮಾಡುತ್ತಿದ್ದೇನೆ. ಅಪ್ಪನಿಗೆ ಹೇಳಲು ನನ್ನ ಹತ್ತಿರ ಒಂದೆರಡು ವಿಷಯ ಇವೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ರೊಬಸ್ಟಾ ಕಾಫಿ ತೋಟದಲ್ಲಿ ಎಲೆ ಕಾಣದಷ್ಟು ಹೂ ಬಿಟ್ಟಿತ್ತು. ಹೂ ಅರಳಿದ ದಿನವೇ ಜೋರು ಮಳೆ ಬಂತು. ಕಾಯಿ ಕಚ್ಚಲಿಲ್ಲ. ಅಮ್ಮ ರೆಂಬೆ ಹಿಡಿದು, ಬರೀ ಒಣಗಿದ ಹೂವನ್ನು ಉದುರಿಸುತ್ತಾ, "ಇಷ್ಟೊಂದು ಹೂ ಎಲ್ಲಿಗೆ ಹೋಯಿತು?" ಎಂದರು. ಆ ಮಾತು ನನ್ನೊಳಗೆ ಉಳಿದುಬಿಟ್ಟಿತು.

ಕಾಲೇಜಿನಲ್ಲಿ ಪುಸ್ತಕ ಹೇಳಿಕೊಟ್ಟಿತು. ಕಾಫಿಯ ಇನ್ನೊಂದು ಜಾತಿ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತೆ. ರೊಬಸ್ಟಾಕ್ಕೆ ಅದು ಆಗುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಗಾಳಿ ತರಬೇಕು, ಇಲ್ಲವೇ ಜೇನು ತರಬೇಕು. ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಆದರೆ ಓದಿ ತಿಳಿಯುವುದು ಬೇರೆ, ಕಣ್ಣಾರೆ ನೋಡುವುದು ಬೇರೆ.

ನೋಡಿದ್ದು ಸಂಶೋಧನೆಗೆ ಸೇರಿದ ಎರಡನೇ ವರ್ಷ. ಹಿಂದಿನ ದಿನವೇ ಮೊಗ್ಗಿಗೆ ಚೀಲ ಕಟ್ಟಿದ್ದೆ. ಹೂ ಅರಳಿದಾಗ ಕೆಲವಕ್ಕೆ ಅದೇ ಗಿಡದ ಪರಾಗ, ಕೆಲವಕ್ಕೆ ಪಕ್ಕದ ಸಾಲಿನ ಬೇರೆ ಗಿಡದ ಪರಾಗ ಮುಟ್ಟಿಸಿದೆ. ಮಾರನೇ ದಿನ ಹೂವಿನ ನಡುವಿನ ಕಡ್ಡಿಯನ್ನು ಕತ್ತರಿಸಿ ತಂದೆ. ನೂಲಿನಷ್ಟೇ ದಪ್ಪ ಅದು. ಮೆತ್ತಗೆ ಮಾಡಿ, ಅನಿಲಿನ್ ಬ್ಲೂ ಬಣ್ಣದಲ್ಲಿ ನೆನೆಸಿ, ಗಾಜಿನ ಮೇಲೆ ಒತ್ತಿ, ಕತ್ತಲ ಕೋಣೆಯಲ್ಲಿ ಅತಿನೇರಳೆ ಬೆಳಕಿನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಪರಾಗದ ಪ್ರತಿ ಕಣದಿಂದ ಹೊಳೆಯುವ ಎಳೆ ಹೊರಟಿತ್ತು. ಅದೇ ಗಿಡದ ಪರಾಗದ ಎಳೆಗಳು ಕಡ್ಡಿಯ ತಲೆಯಲ್ಲೇ ನಿಂತುಬಿಟ್ಟಿದ್ದವು. ಬಾಗಿಲಲ್ಲೇ ಯಾರೋ ತಡೆದ ಹಾಗೆ. ಇನ್ನೊಂದು ಗಾಜಿನಲ್ಲಿ ಎಳೆಗಳು ಉದ್ದಕ್ಕೂ ಇಳಿದು ಕೆಳಗಿನ ಅಂಡದ ಕಡೆ ಹೋಗಿದ್ದವು. ಕಾಫಿ ಹೂವಿನಲ್ಲಿ ಎರಡು ಅಂಡ ಇರುತ್ತವೆ, ಅದಕ್ಕೇ ಹಣ್ಣಿನಲ್ಲಿ ಎರಡು ಬೀಜ.

ನಾನು ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾನು ಏಳನೇ ಕ್ಲಾಸಿನಲ್ಲಿದ್ದ ಆ ವರ್ಷ ಮಳೆಯಲ್ಲಿ ಪರಾಗ ತೊಯ್ದುಹೋಗಿತ್ತು, ಜೇನೂ ಹೊರಗೆ ಬಂದಿರಲಿಲ್ಲ, ಗಿಡದ ಸ್ವಂತ ಪರಾಗ ಇದ್ದೂ ಪ್ರಯೋಜನ ಇರಲಿಲ್ಲ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಾಗಾದರೆ ಮೇಲಿನ ತೋಟದಲ್ಲಿ ಎರಡು ಜೇನುಪೆಟ್ಟಿಗೆ ಇಡೋಣವಾ?" ಎಂದರು. ಆ ಖುಷಿಯನ್ನು ಯಾವ ಸಂಬಳಕ್ಕೂ ಹೋಲಿಸಲಾರೆ.

ಇನ್ನೊಂದು ಹೇಳಬೇಕು. ಹೂವಿಗೆ ಬರುವ ಜೇನನ್ನು ನಾವು ಬೆಳಗ್ಗೆ ಎಂಟರಿಂದ ಎಣಿಸುತ್ತಿದ್ದೆವು. ತುಡುವೆ ಜಾಸ್ತಿ, ಹೆಜ್ಜೇನು ಕಡಿಮೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ತೋಟದ ಕೆಲಸದವರ ಲೈನ್ ಮನೆಯ ಅಜ್ಜಿಯೊಬ್ಬರು ಅದನ್ನು ನೋಡುತ್ತಾ, "ನೀವು ಬರುವುದರೊಳಗೆ ದೊಡ್ಡ ಜೇನು ಬಂದು ಹೋಗಿರುತ್ತೆ ಅಮ್ಮಾ" ಎಂದರು. ಮುಂದಿನ ವರ್ಷ ಸ್ವೆಟರ್ ಹಾಕಿಕೊಂಡು, ಟಾರ್ಚ್ ಹಿಡಿದು ನಸುಕಿನಲ್ಲೇ ಹೋಗಿ ಕೂತೆ. ಮಂಜು ಇನ್ನೂ ಮರದ ಮೇಲೆ ಇತ್ತು. ಗಿಡ ಕಾಣುವ ಮೊದಲೇ ಸದ್ದು ಕೇಳಿಸಿತು. ತೋಟವೆಲ್ಲ ಹೆಜ್ಜೇನು! ನನ್ನ ಒಂದು ವರ್ಷದ ಲೆಕ್ಕವನ್ನು ಹೊಸದಾಗಿ ಮಾಡಬೇಕಾಯಿತು. ಅಜ್ಜಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ, ಇಬ್ಬರೂ ಎಣಿಸಿದೆವು. ನನ್ನ ಕೆಲಸದ ಅತ್ಯಂತ ಒಳ್ಳೆಯ ಬೆಳಗ್ಗೆ ಅದು.

ಕಷ್ಟ ಇಲ್ಲವೆಂದಲ್ಲ. ಒಮ್ಮೆ ಏಳು ತಿಂಗಳು ಫೆಲೋಶಿಪ್ ಹಣ ಬಂದಿರಲಿಲ್ಲ, ಅಣ್ಣನ ಹತ್ತಿರ ಸಾಲ ಮಾಡಿದೆ. ಅದನ್ನೂ ಅಪ್ಪನಿಗೆ ಹೇಳು.

ಮಳೆಪುಸ್ತಕ, ಸೋಮವಾರಪೇಟೆ:

ನಾನು ವಿಜ್ಞಾನಿ ಅಲ್ಲ, ಬೆಳೆಗಾರ. ನಮ್ಮ ಅಜ್ಜ 1958ರಿಂದ ಪ್ರತಿದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಟ್ಟಿದ್ದರು. ಅವರ ನಂತರ ಅಪ್ಪ, ಈಗ ನಾನು. ಹೋದ ವರ್ಷ ಒಬ್ಬ ಹುಡುಗ ಸಂಶೋಧನೆಗೆಂದು ಬಂದು ನಮ್ಮ ಜಗಲಿಯಲ್ಲಿ ಎರಡು ದಿನ ಕೂತು ಅಷ್ಟನ್ನೂ ನಕಲು ಮಾಡಿಕೊಂಡ. ಊಟಕ್ಕೆ ಕರೆದರೆ "ಇನ್ನೊಂದು ವರ್ಷ ಮುಗಿಸಿ ಬರುತ್ತೇನೆ ಮಾವ" ಅನ್ನುತ್ತಿದ್ದ. ಕಡಂಬುಟ್ಟು ತಣ್ಣಗಾಯಿತು. ಅಜ್ಜನ ಕೈಬರಹವನ್ನು ಅಷ್ಟು ಪ್ರೀತಿಯಿಂದ ಓದಿದವರನ್ನು ನಾನು ನೋಡಿರಲಿಲ್ಲ. ಅಪ್ಪನಿಗೆ ಇದನ್ನೂ ಹೇಳಮ್ಮ.

ಕಲ್ಲುಮಣ್ಣು:

ನಾನು ಭೂವಿಜ್ಞಾನದವನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ಮೇಲೆ ಅಲ್ಲಿ ಓಡಾಡಿದ್ದೇನೆ. ಅದಕ್ಕೆ ಖುಷಿ ಎಂಬ ಪದ ಬಾಯಿಗೆ ಬರುವುದಿಲ್ಲ. ಆದರೆ ಜರಿದ ಜಾಗದಲ್ಲಿ ನಿಂತು ಮಣ್ಣಿನ ಪದರ ನೋಡುತ್ತಾ, ನೀರು ಎಲ್ಲಿಂದ ಒಳಗೆ ಇಳಿಯಿತು, ಮಣ್ಣು ಎಲ್ಲಿ ಬಂಡೆಯ ಹಿಡಿತ ಬಿಟ್ಟಿತು ಎಂದು ಗೊತ್ತಾದಾಗ ಮನಸ್ಸಿಗೆ ಒಂದು ಗಟ್ಟಿತನ ಬರುತ್ತೆ. ಮನೆಯವರು "ಇಲ್ಲಿ ಮಲಗಬಹುದಾ ಸರ್?" ಎಂದು ಕೇಳಿದರೆ ಊಹೆ ಹೇಳಬೇಕಾಗಿಲ್ಲ. ನಾನು ಎದ್ದು ಹೋಗುವುದು ಅದಕ್ಕೆ.

ಸುಂಟಿಕೊಪ್ಪದವಳು:

ಮೂವರಿಗೂ ಥ್ಯಾಂಕ್ಸ್. ಹೂಮಳೆ ಅಕ್ಕನ ಉತ್ತರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದೆ. ಏಳು ತಿಂಗಳ ಸಾಲದ್ದೂ ಸೇರಿಸಿ. ಕೊನೆಗೆ ಅವರು ಕೇಳಿದ್ದು ಒಂದೇ: ನಮ್ಮ ಕೆಳಗಿನ ತುಂಡಿನಲ್ಲಿ ಎಲ್ಲ ಗಿಡವೂ ಒಂದೇ ತಾಯಿಗಿಡದ ಕಸಿ, ಅಲ್ಲಿ ಕಾಯಿ ಕಡಿಮೆ ಇರುವುದು ಅದಕ್ಕೇನಾ? ಅಕ್ಕಾ, ನಾನೂ ಒಮ್ಮೆ ಎಣಿಸಲು ಬರಬಹುದಾ?

ಹೂಮಳೆ:

ಅದು ರೊಬಸ್ಟಾ ಆದರೆ, ಒಂದೇ ತಾಯಿಯ ಕಸಿಗಳೆಲ್ಲ ಒಂದೇ ಗಿಡ ಇದ್ದ ಹಾಗೆ, ಒಂದರ ಪರಾಗ ಇನ್ನೊಂದಕ್ಕೆ ಆಗುವುದಿಲ್ಲ. ಅದೂ ಒಂದು ಕಾರಣ ಇರಬಹುದು, ನೋಡದೆ ಹೇಳುವುದಿಲ್ಲ. ಆ ತುಂಡಿನಲ್ಲಿ ಹತ್ತು ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿಡು. ಮಳೆ ಬಿದ್ದ ದಿನ ನನಗೆ ಮೆಸೇಜ್ ಮಾಡು. ಎಂಟೊಂಬತ್ತು ದಿನಕ್ಕೆ ಹೂ ಅರಳುತ್ತೆ. ಮೊದಲು ನಿಮ್ಮ ತೋಟಕ್ಕೆ ನಾನೇ ಬರುತ್ತೇನೆ, ಬೆಳಗ್ಗೆ ಆರಕ್ಕೆ. ಸೆಂಟು ಹಾಕಿಕೊಳ್ಳಬೇಡ, ಹೆಜ್ಜೇನಿಗೆ ಆಗುವುದಿಲ್ಲ. ಅಪ್ಪನನ್ನೂ ಎಬ್ಬಿಸು.