ಎಲ್‌ಎಂ386 ಪುಟ್ಟ ಆಂಪ್: ಗುಡುಗುಡು ಸದ್ದು, ಪೆಡಲ್ ಆಗಿ ಬಳಸಿದರೆ ಮಂಕು ಧ್ವನಿ

ಪ್ರಶ್ನೆ:
ಗಿಟಾರ್ ಕಲಿಯುತ್ತಿರುವ ಮಗಳಿಗಾಗಿ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಎಲ್‌ಎಂ386 ಚಿಪ್ಪಿನ ಪುಟ್ಟ ಆಂಪ್ (ಧ್ವನಿವರ್ಧಕ) ಕಟ್ಟಿದ್ದೇನೆ. 9 ವೋಲ್ಟ್ ಬ್ಯಾಟರಿ, 8 ಓಮ್ ಸ್ಪೀಕರ್, 1 ಮತ್ತು 8ನೇ ಪಿನ್‌ಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಗಿಟಾರಿನ ತಂತಿ ನೇರವಾಗಿ 10 ಕಿಲೋ ಓಮ್ ವಾಲ್ಯೂಮಿಗೆ, ಅಲ್ಲಿಂದ 3ನೇ ಪಿನ್ನಿಗೆ ಹೋಗುತ್ತದೆ. ವಾಲ್ಯೂಮ್ ಅರ್ಧ ದಾಟಿದೊಡನೆ ದೋಣಿಯ ಎಂಜಿನ್ನಿನಂತೆ ಗುಡುಗುಡು ಎನ್ನುತ್ತದೆ. ಇದನ್ನೇ ಡಿಸ್ಟಾರ್ಶನ್ ಪೆಡಲ್ (ಗಿಟಾರ್ ಮತ್ತು ಆಂಪಿನ ನಡುವೆ ಇಟ್ಟು ಧ್ವನಿಯನ್ನು ಒರಟಾಗಿಸುವ ಪೆಟ್ಟಿಗೆ) ಮಾಡೋಣವೆಂದು ಸ್ಪೀಕರಿನ ತಂತಿಯನ್ನು ದೊಡ್ಡ ಆಂಪಿನ ಇನ್‌ಪುಟ್ಟಿಗೆ ಕೊಟ್ಟರೆ ಕಿವಿ ಕಿತ್ತುಹೋಗುವಷ್ಟು ಜೋರು, ಆದರೆ ಕಂಬಳಿ ಹೊದಿಸಿದಂತೆ ಮಂಕು. ಚಿಪ್ ಕೆಟ್ಟಿದೆಯೇ?

ಉತ್ತರ:
ಚಿಪ್ ಚೆನ್ನಾಗಿಯೇ ಇರಬೇಕು. ಗಿಟಾರ್ ಜೋಡಿಸದೆ ಔಟ್‌ಪುಟ್ ಆದ 5ನೇ ಪಿನ್ನಿನ ವೋಲ್ಟೇಜ್ ಅಳೆಯಿರಿ; ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 4.5 ವೋಲ್ಟ್ ಬಂದರೆ ನಿಶ್ಚಿಂತರಾಗಿ.

ಮೊದಲು ಗುಡುಗುಡು. ಸ್ಪೀಕರ್ ವಿದ್ಯುತ್ತನ್ನು ಎಳೆದಾಗಲೆಲ್ಲ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತ ತಿರುಗಿ ಇನ್‌ಪುಟ್ಟಿಗೆ ಸೇರಿ ಮತ್ತೆ 200 ಪಟ್ಟು ವರ್ಧಿಸುತ್ತದೆ. ಬ್ಯಾಟರಿ ಸೇರುವ 6ನೇ ಪಿನ್ನಿನಿಂದ ಗ್ರೌಂಡಿಗೆ (ಬ್ಯಾಟರಿಯ ಋಣ ತುದಿಯ ತಂತಿಗೆ) 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಹಾಕಿ. ಚಿಪ್ಪಿಗೆ ಅಂಟಿಕೊಂಡಂತೆ ಇರಬೇಕು. ಬೋರ್ಡಿನ ಇನ್ನೊಂದು ತುದಿಯಲ್ಲಿ ಕೂರಿಸಿದರೆ ಪ್ರಯೋಜನ ಕಡಿಮೆ. 7ನೇ ಪಿನ್ನಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್. 5ನೇ ಪಿನ್ನಿನಿಂದ ಗ್ರೌಂಡಿಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ. ಸ್ಪೀಕರಿನ ಗ್ರೌಂಡ್ ತಂತಿಯನ್ನು ಇನ್‌ಪುಟ್ ಜ್ಯಾಕಿಗೆ ಸುತ್ತಿದ್ದರೆ ಕಿತ್ತು, ಬೇರೆ ತಂತಿಯಲ್ಲಿ ಸೀದಾ ಬ್ಯಾಟರಿಯ ಋಣ ತುದಿಗೆ ಕೊಂಡೊಯ್ಯಿರಿ. ಎಷ್ಟೋ ಆಂಪ್‌ಗಳು ಇಷ್ಟಕ್ಕೇ ಸುಮ್ಮನಾಗುತ್ತವೆ.

ಮಂಕಿಗೆ ಕಾರಣ ನಿಮ್ಮ ವಾಲ್ಯೂಮ್. ಗಿಟಾರಿನ ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಸಾವಿರಾರು ಸುತ್ತುಗಳ ಸುರುಳಿ. ಅದಕ್ಕೆ 10 ಕಿಲೋ ಓಮಿನ ಹೊರೆ ಹೊರಿಸಿದರೆ ಎತ್ತರದ ಸ್ವರಗಳೆಲ್ಲ ಅಲ್ಲೇ ಸಾಯುತ್ತವೆ. ಅದಕ್ಕೆ 1 ಮೆಗಾ ಓಮ್‌ನಷ್ಟು ತಡೆಯೇ ಬೇಕು. ನಡುವೆ ಒಂದು ಫೆಟ್ ಬಫರ್ (ಪಿಕಪ್ಪಿಗೆ ಹೊರೆಯಾಗದಂತೆ ಸಂಕೇತವನ್ನು ಮುಂದೆ ದಾಟಿಸುವ ಟ್ರಾನ್ಸಿಸ್ಟರ್; ಗೇಟ್, ಡ್ರೇನ್, ಸೋರ್ಸ್ ಅದರ ಕಾಲುಗಳು) ಸೇರಿಸಿ: ಗಿಟಾರ್ ಗೇಟಿಗೆ, ಗೇಟಿನಿಂದ ಗ್ರೌಂಡಿಗೆ 1 ಮೆಗಾ ಓಮ್, ಡ್ರೇನ್ 9 ವೋಲ್ಟಿಗೆ, ಸೋರ್ಸಿನಿಂದ ಗ್ರೌಂಡಿಗೆ 3.9 ಕಿಲೋ ಓಮ್. ಸೋರ್ಸಿನಿಂದ 0.22 ಮೈಕ್ರೋಫ್ಯಾರಡ್ ಮೂಲಕ ವಾಲ್ಯೂಮಿಗೆ. ಕಾಲೇಜು ಪ್ರಯೋಗಾಲಯಗಳಲ್ಲಿ ಬಳಸುವ ಬಿಎಫ್‌ಡಬ್ಲ್ಯು11 ಫೆಟ್ ಸಾಕು. ಅದರ ನಾಲ್ಕನೆಯ ಕಾಲು ಲೋಹದ ಕವಚದ್ದು, ಅದನ್ನು ಗ್ರೌಂಡಿಗೆ ಸೇರಿಸಿ.

ಪೆಡಲ್ ವಿಷಯ: ಪಿಕಪ್ಪಿನಿಂದ ಬರುವ 100 ಮಿಲಿವೋಲ್ಟ್ 200 ಪಟ್ಟಾದರೆ 20 ವೋಲ್ಟ್. ಚಿಪ್ ಯಾವ ಕಡೆಗೂ 4 ವೋಲ್ಟಿಗಿಂತ ಹೆಚ್ಚು ಚಾಚಲಾರದು. ತರಂಗದ ತಲೆ ಚಪ್ಪಟೆಯಾಗುತ್ತದೆ. ನಮಗೆ ಬೇಕಾದ ಡಿಸ್ಟಾರ್ಶನ್ ಅದೇ! ಆದರೆ ಆ 4 ವೋಲ್ಟನ್ನು ಹಾಗೆಯೇ ದೊಡ್ಡ ಆಂಪಿಗೆ ಸುರಿಯಬಾರದು. 220 ಮೈಕ್ರೋಫ್ಯಾರಡ್ ಔಟ್‌ಪುಟ್ ಕೆಪಾಸಿಟರಿನ ನಂತರ 10 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 470 ಓಮ್. ಎರಡರ ನಡುವಿನಿಂದ ಪೆಡಲ್ ಜ್ಯಾಕಿಗೆ. ಅಲ್ಲಿ 0.18 ವೋಲ್ಟ್ ಉಳಿಯುತ್ತದೆ, ಗಿಟಾರಿನ ಸಹಜ ಮಟ್ಟಕ್ಕೆ ಹತ್ತಿರ. ಪ್ಲಗ್ ಚುಚ್ಚಿದೊಡನೆ ಸ್ಪೀಕರ್ ಕಡಿದುಹೋಗುವ ಸ್ವಿಚ್ ಇರುವ ಜ್ಯಾಕ್ ಹಾಕಿ. ಸ್ಪೀಕರ್ ಇಲ್ಲದಿದ್ದರೂ ಈ ಚಿಪ್ಪಿಗೆ ಅಪಾಯವಿಲ್ಲ.

ಇನ್ನೊಬ್ಬರು:
1 ಮತ್ತು 8ನೇ ಪಿನ್‌ಗಳ ನಡುವಿನ 10 ಮೈಕ್ರೋಫ್ಯಾರಡ್ ಜೊತೆ ಸರಣಿಯಲ್ಲಿ 5 ಕಿಲೋ ಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿದರೆ ಗೇನನ್ನು (ಎಷ್ಟು ಪಟ್ಟು ವರ್ಧಿಸುತ್ತದೆ ಎಂಬುದನ್ನು) 200ರಿಂದ ಕೆಳಕ್ಕಿಳಿಸಿ 20ರ ಸಮೀಪಕ್ಕೆ ತರಬಹುದು. ಕಲಿಯುವವರಿಗೆ ಶುದ್ಧ ಧ್ವನಿಯೂ ಬೇಕು. ಬೆರಳಿನ ತಪ್ಪು ಅದರಲ್ಲೇ ಕೇಳಿಸುವುದು.

ಪ್ರಶ್ನೆ ಕೇಳಿದವರು:
5ನೇ ಪಿನ್ನಿನಲ್ಲಿ 4.4 ವೋಲ್ಟ್. ಗುಡುಗುಡು ಪೂರ್ತಿ ನಿಂತಿತು. ಸ್ಪೀಕರಿನ ಗ್ರೌಂಡ್ ನಿಜಕ್ಕೂ ಜ್ಯಾಕಿನ ಮೇಲಿತ್ತು. ಬಫರಿನ ಸೋರ್ಸಿನಲ್ಲಿ 3.1 ವೋಲ್ಟ್. ಮೊದಲ ತಂತಿಯ ಕಿಣಿಕಿಣಿ ಈಗ ಕೇಳಿಸುತ್ತಿದೆ, ಮಗಳು ಕೆಳಗಿಡುತ್ತಿಲ್ಲ. ಆದರೆ ಉದ್ದದ ಕೇಬಲ್ ಚುಚ್ಚಿದರೆ ಮೆಲ್ಲಗೆ ರೇಡಿಯೊ ವಾರ್ತೆ ಕೇಳಿಸುತ್ತದೆ.

ಉತ್ತರ:
ಕೇಬಲ್ ಆಂಟೆನಾದಂತೆ ವರ್ತಿಸುತ್ತಿದೆ. ಗೇಟಿನ ಮುಂಚೆ ಸರಣಿಯಲ್ಲಿ 10 ಕಿಲೋ ಓಮ್, ಗೇಟಿನಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್. ಆಮೇಲೆ ಬೋರ್ಡನ್ನು ಲೋಹದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಇನ್‌ಪುಟ್ ಜ್ಯಾಕಿನ ಬಳಿ ಒಂದೇ ಕಡೆ ಗ್ರೌಂಡಿಗೆ ಸೇರಿಸಿ. ಉಳಿದ ಜ್ಯಾಕ್‌ಗಳ ಲೋಹ ಡಬ್ಬಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಹಾಕಿ, ಇಲ್ಲದಿದ್ದರೆ ಸ್ಪೀಕರಿನ ವಿದ್ಯುತ್ ಮತ್ತೆ ಅದೇ ಹಳೆಯ ದಾರಿ ಹಿಡಿಯುತ್ತದೆ.