ಎರಡನೇ ತರಗತಿಯ ಮಕ್ಕಳಿಗೆ ದೇಶದ ನಕಾಶೆ ಮೊದಲೋ, ಊರಿನ ದಾರಿ ಮೊದಲೋ?

ಸೇಡಂ ತಾಲ್ಲೂಕಿನ ಶಿಕ್ಷಕಿ:

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯನ್ನು ನೋಡಿಕೊಳ್ಳುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ರಾಜ್ಯ, ರಾಜಧಾನಿ, ರಾಷ್ಟ್ರಪಕ್ಷಿ, ರಾಷ್ಟ್ರಪ್ರಾಣಿ ಎಲ್ಲವನ್ನೂ ಪಟಪಟನೆ ಹೇಳುತ್ತಾರೆ, ಸಮಾರಂಭಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಾರೆ. ಈಚೆಗೆ ಸುಣ್ಣ ಬಳಿಯುವಾಗ ಗೋಡೆಯ ನಕಾಶೆಯನ್ನು ಪಕ್ಕದ ಕೋಣೆಗೆ ಸಾಗಿಸಿದ್ದೆವು. ಮರುದಿನ ‘ಭಾರತ ಎಲ್ಲಿದೆ?’ ಎಂದು ಕೇಳಿದಾಗ ಎರಡನೇ ತರಗತಿಯ ಹುಡುಗಿ ‘ಆಚೆ ಕೋಣೆಯಲ್ಲಿದೆ ಟೀಚರ್’ ಎಂದಳು. ತಮಾಷೆಗೆ ಹೇಳಿದ್ದಲ್ಲ, ಎದ್ದು ಹೋಗಿ ತೋರಿಸಲು ಸಿದ್ಧಳಾಗಿದ್ದಳು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತಿದೆ. ತಾಂಡಾದ ಕೆಲವು ಮಕ್ಕಳು ದೀಪಾವಳಿ ಮುಗಿದ ಮೇಲೆ ತಂದೆತಾಯಿಯ ಜೊತೆ ಪುಣೆಗೆ ಗುಳೆ ಹೋಗುತ್ತಾರೆ. ಅವರಲ್ಲೊಬ್ಬ ‘ನಮ್ಮೂರು ಪುಣೆ’ ಎಂದ. ಉಳಿದವರು ‘ಹಾಗಾದರೆ ನೀನು ಕರ್ನಾಟಕದವನಲ್ಲ’ ಎಂದು ಅವನನ್ನು ಅಳಿಸಿದರು. ಇಷ್ಟು ಸಣ್ಣವರಿಗೆ ಭೂಗೋಳ, ಪೌರನೀತಿ ಎರಡನ್ನೂ ಎಲ್ಲಿಂದ ಆರಂಭಿಸಬೇಕು?

ಯಾದಗಿರಿಯ ನಿವೃತ್ತ ಶಿಕ್ಷಕ:

ಮೇಡಂ, ಮೊದಲು ನಕಾಶೆಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿ. ಗೋಡೆಯ ಮೇಲೆ ತೂಗುವ ನಕಾಶೆಯಲ್ಲಿ ಉತ್ತರ ಚಾವಣಿಯ ಕಡೆಗೆ ಇರುತ್ತದೆ. ಕಾಶ್ಮೀರ ಎಲ್ಲಿ ಎಂದರೆ ಮಗು ಆಕಾಶಕ್ಕೆ ಕೈ ತೋರಿಸುತ್ತದೆ. ನದಿ ದಕ್ಷಿಣಕ್ಕೆ ಹರಿಯುತ್ತದೆ ಎಂದರೆ ಗೋಡೆಯಿಂದ ಕೆಳಕ್ಕೆ ಸುರಿಯುವಂತೆ ಕಾಣುತ್ತದೆ. ನೆಲಕ್ಕೆ ಹಾಸಿ, ಪ್ರಾರ್ಥನೆಯ ಹೊತ್ತಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಮಕ್ಕಳಿಂದಲೇ ನೋಡಿಸಿ, ನಕಾಶೆಯ ಪೂರ್ವವನ್ನು ಅತ್ತ ತಿರುಗಿಸಿ. ಆಗ ಕಾಶ್ಮೀರಕ್ಕೆ ಕೈ ತೋರಿಸಿದರೆ ಕೈ ನಿಜವಾಗಿಯೂ ಕಾಶ್ಮೀರದ ದಿಕ್ಕಿಗೆ ಹೋಗುತ್ತದೆ.

ಆದರೆ ದೇಶದ ನಕಾಶೆಗಿಂತ ಮೊದಲು ಮಾಡುವ ಕೆಲಸವಿದೆ. ನಮ್ಮ ಭಾಗದ ಶಾಲೆಗಳ ನೆಲಕ್ಕೆ ಹೆಚ್ಚಾಗಿ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಆ ಚೌಕಗಳು ಸಿದ್ಧ ಅಳತೆಪಟ್ಟಿ ಇದ್ದ ಹಾಗೆ. ಒಂದು ಕಲ್ಲನ್ನು ಶಾಲೆ ಎಂದು ಗುರುತಿಸಿ. ಶಾಲೆಯ ಬಾಗಿಲಿನಿಂದ ಅಗಸಿಯವರೆಗೆ, ಅಂದರೆ ಊರ ಹೆಬ್ಬಾಗಿಲಿನವರೆಗೆ, ಮಕ್ಕಳನ್ನು ನಡೆಸಿ, ಇಷ್ಟು ಹೆಜ್ಜೆಗೆ ಒಂದು ಕಲ್ಲು ಎಂದು ನೀವೇ ನಿಶ್ಚಯಿಸಿ. ಹಿಟ್ಟಿನ ಗಿರಣಿ, ಹಣಮಂತ ದೇವರ ಗುಡಿ, ಅಂಗನವಾಡಿ, ನೀರಿನ ಟ್ಯಾಂಕು ಎಲ್ಲವನ್ನೂ ಸುಣ್ಣದ ಕಡ್ಡಿಯಿಂದ ಅವರೇ ಬರೆಯಲಿ. ಆಗ ಜಗಳ ಆರಂಭವಾಗುತ್ತದೆ. ‘ಗಿರಣಿ ಗುಡಿಯ ಈಚೆಗಿದೆ’, ‘ಇಲ್ಲ, ಆಚೆಗಿದೆ!’ ತೀರ್ಪು ಕೊಡಲು ಹೋಗಬೇಡಿ. ನೋಡಿಕೊಂಡು ಬರಲು ಇಬ್ಬರನ್ನು ಕಳಿಸಿ, ಅವರು ಬಂದು ಬರೆದದ್ದನ್ನು ಅಳಿಸಿ ತಿದ್ದಲಿ. ನಕಾಶೆ ಎಂದರೆ ಯಾರೋ ನಡೆದು, ನೋಡಿ, ಬರೆದದ್ದು ಎಂಬುದು ಮಗುವಿಗೆ ಆಗ ಗೊತ್ತಾಗುತ್ತದೆ.

ಆಮೇಲೆ ಕಾಗಿಣಾ ನದಿಯನ್ನು ಎಳೆಯಿರಿ. ತೆಲಂಗಾಣದಲ್ಲಿ ಹುಟ್ಟಿ, ಮಳಖೇಡವನ್ನು ದಾಟಿ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು ಸೇರುತ್ತದೆ. ನದಿಯನ್ನು ಮೊದಲು ಎಳೆದು ರಾಜ್ಯದ ಗೆರೆಯನ್ನು ನಂತರ ಎಳೆಯಬೇಕು. ಬಣ್ಣ ತುಂಬಿದ ನಕಾಶೆ ಕಂಡ ಮಗು ಒಂದು ಬಣ್ಣ ಮುಗಿದಲ್ಲಿ ನೀರೂ ನಿಂತಿತು ಎಂದುಕೊಳ್ಳುತ್ತದೆ. ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿರುವ ಉಜನಿ ಜಲಾಶಯದಿಂದ ನೀರು ಬಿಟ್ಟರೆ ನಮ್ಮ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳು ಏಕೆ ಎಚ್ಚರವಾಗುತ್ತವೆ ಎಂಬ ಪಾಠಕ್ಕೂ ಇದೇ ಬುನಾದಿ. 2020ರ ಅಕ್ಟೋಬರ್ ಪ್ರವಾಹವನ್ನು ಕಂಡ ಅಜ್ಜಿಯೊಬ್ಬರನ್ನು ಶಾಲೆಗೆ ಕರೆಸಿ ಮಾತನಾಡಿಸಿ.

ಪುಣೆಯ ಹುಡುಗನ ವಿಷಯ. ದಯವಿಟ್ಟು ಅವನನ್ನು ತಿದ್ದಬೇಡಿ. ಜೀನ್ ಪಿಯಾಜೆ ಎಂಬ ಮನಶ್ಶಾಸ್ತ್ರಜ್ಞರು ಜಿನೀವಾದ ಮಕ್ಕಳನ್ನು ಹೀಗೆಯೇ ಮಾತನಾಡಿಸಿದ್ದರು, ಆ ಅಧ್ಯಯನ 1951ರಲ್ಲಿ ಪ್ರಕಟವಾಯಿತು. ಜಿನೀವಾ ಇರುವುದು ಸ್ವಿಟ್ಜರ್ಲೆಂಡಿನಲ್ಲಿ ಎಂದು ಹೇಳಬಲ್ಲ ಸಣ್ಣ ಮಕ್ಕಳೂ, ತಾವು ಏಕಕಾಲಕ್ಕೆ ಜಿನೀವಾದವರೂ ಸ್ವಿಸ್ ಪ್ರಜೆಗಳೂ ಆಗಿರಬಹುದು ಎಂದು ಒಪ್ಪುತ್ತಿರಲಿಲ್ಲ. ಒಂದರೊಳಗೊಂದು ಇರುವ ಸಂಬಂಧ ಆ ವಯಸ್ಸಿಗೆ ಎಟುಕುವುದು ಕಷ್ಟ. ಅವನು ಗುಳೆ ಹೊರಡುವಾಗ ಶಾಲೆಯ ವಿಳಾಸ ಬರೆದ ಒಂದೆರಡು ಅಂಚೆ ಕಾರ್ಡುಗಳನ್ನು ಕೈಗೆ ಕೊಡಿ. ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ಆರು ಅಂಕಿಯ ಪಿನ್‌ಕೋಡ್ ಎಲ್ಲವೂ ಒಂದರ ಕೆಳಗೊಂದು ಇರಲಿ. ಅಲ್ಲಿ ಕಂಡದ್ದನ್ನು ಚಿತ್ರ ಬರೆದು ಕಳಿಸಲಿ. ಕಾರ್ಡು ಬಂದ ದಿನ ಇಡೀ ಕೋಣೆ ಅವನಿಂದ ಪುಣೆಯನ್ನು ಕಲಿಯುತ್ತದೆ. ನೆಲದ ಮೇಲೆ ತೊಗರಿ ಹೊಲದಿಂದ ಪುಣೆಯವರೆಗೆ ಗೆರೆ ಎಳೆಯಿರಿ.

ನಮ್ಮ ಯಾದಗಿರಿಯೇ 2009ರ ಕೊನೆಯವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು, 1956ಕ್ಕಿಂತ ಮೊದಲು ಹೈದರಾಬಾದ್ ರಾಜ್ಯದಲ್ಲಿತ್ತು. ಊರು ಇದ್ದಲ್ಲೇ ಇದೆ, ಗೆರೆಗಳು ಸರಿದಿವೆ. ಇದನ್ನು ಐದನೆಯ ತರಗತಿಗೆ ಇಟ್ಟುಕೊಳ್ಳಿ.

ಕಲಬುರಗಿಯ ಪಾಲಕ:

ಸರ್, ಓದಲು ಚೆನ್ನಾಗಿದೆ. ಆದರೆ ನಾಳೆ ನವೋದಯ ಪರೀಕ್ಷೆಗೆ ಕೂರುವಾಗ ಬಾಯಿಪಾಠ ಬೇಕಲ್ಲವೇ? ನಮ್ಮ ಮಕ್ಕಳು ಬೆಂಗಳೂರಿನವರ ಜೊತೆ ಪೈಪೋಟಿ ಮಾಡಬೇಕಾದವರು. ನೆಲದಲ್ಲಿ ಗೆರೆ ಎಳೆಯುತ್ತಾ ಕುಳಿತರೆ ಹಿಂದೆ ಬೀಳುತ್ತಾರೆ ಎಂಬ ಭಯ ನನ್ನಂಥವರಿಗಿದೆ.

ಬೀದರಿನ ಶಿಕ್ಷಕಿ:

ಪೌರನೀತಿಯ ಬಗ್ಗೆ ಮಾತ್ರ ಹೇಳುತ್ತೇನೆ ಅಕ್ಕ. ಪ್ರಧಾನಿ, ಮುಖ್ಯಮಂತ್ರಿಗಳ ಹೆಸರಿಗಿಂತ ಮೊದಲು, ಕೋಣೆಯಲ್ಲಿ ಎಲ್ಲರಿಗೂ ಸೇರಿದ ವಸ್ತು ಯಾವುದು ಎಂದು ಕೇಳಿ. ನಮ್ಮಲ್ಲಿ ಮಕ್ಕಳು ನೀರಿನ ನಲ್ಲಿ ಎಂದರು. ಊಟದ ಹೊತ್ತಿಗೆ ದೊಡ್ಡ ಹುಡುಗರು ಮುನ್ನುಗ್ಗಿ ಸಣ್ಣವರಿಗೆ ತಟ್ಟೆ ತೊಳೆಯಲು ಜಾಗ ಸಿಗುತ್ತಿರಲಿಲ್ಲ. ಸಣ್ಣವರು ಮೊದಲು ತೊಳೆಯಬೇಕೋ, ತರಗತಿಯ ಸರದಿ ಇರಬೇಕೋ ಎಂದು ಎರಡು ಡಬ್ಬಿ ಇಟ್ಟೆವು. ಒಬ್ಬೊಬ್ಬರಿಗೂ ಒಂದು ಹುಣಸೆ ಬೀಜ ಕೊಟ್ಟು, ಡಬ್ಬಿಗಳನ್ನು ಪರದೆಯ ಹಿಂದೆ ಇಟ್ಟು ಹಾಕಿಸಿದೆವು. ಸರದಿ ಗೆದ್ದಿತು. ಸೋತವರು ಮುಖ ಸಿಂಡರಿಸಿಕೊಂಡರು. ಅವರ ದೂರನ್ನೂ ಕೇಳಿಸಿಕೊಂಡು, ಒಂದನೇ ತರಗತಿಯ ಸರದಿಯೇ ಮೊದಲು ಬರಲಿ ಎಂದು ಸೇರಿಸಿದೆವು. ಒಂದು ಮಾತು ಮಾತ್ರ ನೆನಪಿಡಿ: ಮಕ್ಕಳು ತೀರ್ಮಾನಿಸಿದ್ದನ್ನು ಶಿಕ್ಷಕರು ಮರುದಿನ ಮುರಿಯಬಾರದು. ಹಾಗಾಗುವುದಾದರೆ ಮತ ಹಾಕಿಸುವುದೇ ಬೇಡ.

ಮೂರನೆಯ ತರಗತಿಯ ಮಕ್ಕಳನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೂ ಕರೆದುಕೊಂಡು ಹೋಗಿ. ಸುಮ್ಮನೆ ಕೂರಿಸಬೇಡಿ, ಒಂದು ಪ್ರಶ್ನೆಯನ್ನಾದರೂ ಅವರೇ ಕೇಳಲಿ.

ಯಾದಗಿರಿಯ ನಿವೃತ್ತ ಶಿಕ್ಷಕ:

ಪಾಲಕರಿಗೆ: ಆರನೇ ತರಗತಿಯ ನವೋದಯ ಪ್ರವೇಶ ಪರೀಕ್ಷೆಯಲ್ಲಿ ಇರುವುದು ಮಾನಸಿಕ ಸಾಮರ್ಥ್ಯ, ಅಂಕಗಣಿತ ಮತ್ತು ಭಾಷೆ. ರಾಜಧಾನಿಗಳನ್ನು ಅಲ್ಲಿ ಕೇಳುವುದಿಲ್ಲ. ಹೆಜ್ಜೆ ಎಣಿಸಿ ಅಳತೆ ಕಟ್ಟುವುದು, ಒಂದೇ ಆಕೃತಿಯನ್ನು ತಿರುಗಿಸಿ ಗುರುತಿಸುವುದು ಆ ಪರೀಕ್ಷೆಗೇ ಹತ್ತಿರದ ಕೆಲಸ. ಬಾಯಿಪಾಠ ಬೇಡ ಎಂದು ನಾನು ಹೇಳುವುದಿಲ್ಲ, ನಾಲ್ಕನೇ ತರಗತಿಗೆ ಬಂದಾಗ ಬೇಗ ಕಲಿಯುತ್ತಾರೆ.

ಮೇಡಂ, ಮುಖ್ಯ ಶಿಕ್ಷಕರು ಕೇಳಿದರೆ ಹೇಳಿ: 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು, ಎರಡನೇ ತರಗತಿಗೆ ಪರಿಸರ ಅಧ್ಯಯನವನ್ನು ಪ್ರತ್ಯೇಕ ವಿಷಯವಾಗಿ ಇಡದೆ ಭಾಷೆ ಮತ್ತು ಗಣಿತದೊಳಗೇ ಸೇರಿಸಿದೆ. ಕಲ್ಲು ಎಣಿಸಿದ್ದು ಗಣಿತ, ಅಗಸಿಗೆ ದಾರಿ ಹೇಳಿದ್ದು ಭಾಷೆ. ನೀವು ಪಠ್ಯ ಬಿಟ್ಟು ಬೇರೇನನ್ನೂ ಮಾಡುತ್ತಿಲ್ಲ.