ಹಡಗಿನ ಡಾಕ್ಟರಿಗೆ ಕೇಳಿ: ಅಲೆ, ಬಿರುಗಾಳಿ ಮತ್ತು ಕ್ರೂಸ್ ಪ್ರವಾಸ

ಅಡ್ಮಿನ್: ಕ್ರೂಸ್ ಬುಕ್ ಮಾಡಿದವರ ಪ್ರಶ್ನೆಗಳಿಗೆ ಇವತ್ತು ನಮ್ಮ ಗುಂಪಿನಲ್ಲೇ ಇರುವ, ಪ್ರಯಾಣಿಕರ ಹಡಗುಗಳಲ್ಲಿ ಕೆಲಸ ಮಾಡುವ ಡಾಕ್ಟರ್ ಉತ್ತರ ಕೊಡುತ್ತಾರೆ. ವಯಸ್ಸು, ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಹೋಗುವ ದಾರಿ, ತಿಂಗಳು ಇಷ್ಟನ್ನೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಸುಮಾ, ಬೆಂಗಳೂರು: ನಮಸ್ತೆ ಡಾಕ್ಟ್ರೇ. ನವೆಂಬರ್‌ನಲ್ಲಿ ಮುಂಬೈಯಿಂದ ಗೋವಾ, ಆಮೇಲೆ ಲಕ್ಷದ್ವೀಪ. ನನಗೆ 38, ಯಾವ ಕಾಯಿಲೆಯೂ ಇಲ್ಲ. ಘಾಟಿ ರಸ್ತೆಯಲ್ಲಿ ವಾಂತಿ ಆಗುತ್ತೆ. ಯಾವ ಮಾತ್ರೆ, ಯಾವಾಗ?

ಡಾಕ್ಟರ್: ಸಿನ್ನರಿಜಿನ್ 25 ಮಿ.ಗ್ರಾಂ. ಹಡಗು ಬಂದರು ಬಿಡುವ ಎರಡು ಗಂಟೆ ಮೊದಲು ಒಂದು, ಏನಾದರೂ ತಿಂದ ಮೇಲೆ. ಸಮುದ್ರ ಜೋರಾಗಿದ್ದರೆ 8 ಗಂಟೆಗೊಂದು. ಅದು ನಿಮಗೆ ಆಗದಿದ್ದರೆ ಪ್ರೊಮೆಥಜಿನ್ ಥಿಯೋಕ್ಲೇಟ್ 25, ಹಿಂದಿನ ರಾತ್ರಿ ಮಲಗುವಾಗ. ಇದರಲ್ಲಿ ನಿದ್ದೆ ಹೆಚ್ಚು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಅದರ ಮೇಲೆ ಮದ್ಯವಂತೂ ಬೇಡವೇ ಬೇಡ. ಹೊಟ್ಟೆ ತೊಳಸಲು ಶುರುವಾದ ಮೇಲೆ ಜಠರ ಆಹಾರವನ್ನು ಕೆಳಗೆ ತಳ್ಳುವುದೇ ನಿಧಾನವಾಗಿರುತ್ತದೆ. ಆಗ ನುಂಗಿದ ಮಾತ್ರೆ ಅಲ್ಲೇ ಕೂತು ವಾಂತಿಯ ಜೊತೆ ಹೊರಗೆ ಬರುತ್ತದೆ. ಹಾಗಾಗಿ ಮೊದಲೇ ತೆಗೆದುಕೊಳ್ಳಬೇಕು. ಹೊರಡುವ ವಾರ ಮೊದಲು ಮನೆಯಲ್ಲಿ ರಜೆಯ ದಿನ ಒಂದು ಮಾತ್ರೆ ತೆಗೆದುಕೊಂಡು ಎಷ್ಟು ಮಂಪರು ಬರುತ್ತದೆ ನೋಡಿಕೊಳ್ಳಿ. ಗ್ಯಾಸ್ಟ್ರಿಕ್ ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಡೊಂಪೆರಿಡೋನ್ ಮಾತ್ರೆಗಳನ್ನು ನಂಬಿಕೊಂಡು ಬರಬೇಡಿ. ತೊಂದರೆ ಶುರುವಾಗುವುದು ಒಳಕಿವಿಯ ಸಮತೋಲನದ ಅಂಗ ಮತ್ತು ಕಣ್ಣು ಮಿದುಳಿಗೆ ಬೇರೆ ಬೇರೆ ಸುದ್ದಿ ಕಳಿಸುವುದರಿಂದ. ಆ ಮಾತ್ರೆಗಳು ಅದನ್ನು ತಡೆಯುವುದಿಲ್ಲ.

ಬಸವರಾಜ, ಹುಬ್ಬಳ್ಳಿ: ಡಾಕ್ಟ್ರ, ನಮ್ಮ ಅವ್ವಗ 60, ಬಿಪಿ ಒಂದ ಐತ್ರಿ. ಬಸ್ಸಿನ್ಯಾಗ ಕುಂತ್ರ ವಾಂತಿ ಆಗ್ತೈತ್ರಿ. ಯಾವ ರೂಮ್ ತಗೋಬೇಕ್ರಿ? ಮ್ಯಾಲಿನ ಮಹಡಿ, ಮುಂದಿನ ಬಾಲ್ಕನಿ ಚಲೋ ಅಂತ ಹೇಳ್ಯಾರ್ರಿ.

ಡಾಕ್ಟರ್: ಬೇಡ. ಹಡಗಿನ ಉದ್ದದ ನಡು ಭಾಗ, ಆದಷ್ಟು ಕೆಳಗಿನ ಡೆಕ್. ಕಿಟಕಿ ಇದ್ದರೆ ಒಳ್ಳೆಯದು. ಹೊಟ್ಟೆ ತೊಳಸಿದಾಗ ಮೊಬೈಲ್, ಪುಸ್ತಕ ಬಿಟ್ಟು ದಿಗಂತದ ಗೆರೆ ನೋಡಬೇಕು. ಆಗದಿದ್ದರೆ ಕಣ್ಣು ಮುಚ್ಚಿ, ತಲೆಯಡಿ ದಿಂಬಿಟ್ಟು, ತಲೆ ಅಲುಗಾಡದಂತೆ ಅಂಗಾತ ಮಲಗಬೇಕು.

ವಿನಯ್, ಟ್ರಾವೆಲ್ಸ್: ಹೀಗೆ ಹೇಳಿ ಜನರನ್ನು ಹೆದರಿಸಬೇಡಿ ಸರ್. ಈಗಿನ ಹಡಗುಗಳಿಗೆಲ್ಲ ಸ್ಟೆಬಿಲೈಸರ್ ಇದೆ. ಯಾವ ಕ್ಯಾಬಿನ್ ಆದರೂ ಒಂದೇ, ಏನೂ ಗೊತ್ತಾಗಲ್ಲ.

ಪ್ರಕಾಶ್, ಮಂಗಳೂರು: ಮರ್ಚೆಂಟ್ ನೇವಿಯಲ್ಲಿ ಎಂಜಿನ್ ಕಡೆಯವನು ನಾನು, ಇದಕ್ಕೆ ಉತ್ತರಿಸುತ್ತೇನೆ. ಸ್ಟೆಬಿಲೈಸರ್ ಎಂದರೆ ಹಡಗಿನ ಎರಡೂ ಬದಿಯಿಂದ ನೀರೊಳಗೆ ಚಾಚುವ ರೆಕ್ಕೆ. ಅದು ತಗ್ಗಿಸುವುದು ಪಕ್ಕಕ್ಕೆ ವಾಲುವ ರೋಲಿಂಗನ್ನು ಮಾತ್ರ. ಮೂತಿ ಎದ್ದು ಬೀಳುವ ಪಿಚಿಂಗಿಗೆ, ಇಡೀ ಹಡಗು ಮೇಲೆ-ಕೆಳಗೆ ಆಗುವ ಹೀವಿಂಗಿಗೆ ಅದರಿಂದ ಪ್ರಯೋಜನವಿಲ್ಲ. ರೆಕ್ಕೆಯ ಮೇಲೆ ನೀರು ಹರಿದರೆ ತಾನೇ ಬಲ ಹುಟ್ಟುವುದು? ಅಲೆ ಜೋರಾದಾಗ ಕ್ಯಾಪ್ಟನ್ ವೇಗ ಇಳಿಸುತ್ತಾರೆ, ಆಗ ರೆಕ್ಕೆಯ ಕೆಲಸವೂ ಇಳಿಯುತ್ತದೆ. ಮನುಷ್ಯನ ಹೊಟ್ಟೆಯನ್ನು ಹೆಚ್ಚು ಕೆಡಿಸುವುದು ಸುಮಾರು ಐದು ಸೆಕೆಂಡಿಗೊಮ್ಮೆ ಬರುವ ಆ ಮೇಲೆ-ಕೆಳಗಿನ ಚಲನೆ. ಪಿಚಿಂಗಿನಲ್ಲಿ ಅದು ಮೂತಿ ಮತ್ತು ಹಿಂಬದಿಯಲ್ಲಿ ಅತಿ ಹೆಚ್ಚು, ನಡುವೆ ಅತಿ ಕಡಿಮೆ. ಮುಂದಿನ ಮೇಲಿನ ಕ್ಯಾಬಿನ್ ಮಾರುವುದು ನಿಮ್ಮ ವ್ಯಾಪಾರ, ಎಲ್ಲ ಒಂದೇ ಅನ್ನಬೇಡಿ ಮಾರಾಯ್ರೆ.

ವಿನಯ್, ಟ್ರಾವೆಲ್ಸ್: ಸರಕು ಹಡಗಿನ ಅನುಭವ ಬೇರೆ, ಕ್ರೂಸ್ ಬೇರೆ.

ಪ್ರಕಾಶ್, ಮಂಗಳೂರು: ಸಮುದ್ರ ಒಂದೇ.

ಗೀತಾ, ಶಿವಮೊಗ್ಗ: ಇದು ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: "ಒಂದು ಗುಳಿಗೆ ಕರ್ಪೂರ ವೀಳ್ಯದೆಲೆಯಲ್ಲಿಟ್ಟು ಅಗಿದು ನುಂಗಿ, ಮಕ್ಕಳಿಗೆ ಅರ್ಧ. ಹೊಟ್ಟೆಗೆ ಪೇಪರ್ ಕಟ್ಟಿ. ಮೊದಲೇ ಒಂದು ಲೋಟ ಉಪ್ಪುನೀರು ಕುಡಿದು ಹೊಟ್ಟೆ ಖಾಲಿ ಮಾಡಿ."

ಡಾಕ್ಟರ್: ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಕರ್ಪೂರ ನುಂಗಿದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಚಿಕ್ಕ ಮಗುವಿಗೆ ಒಂದು ಗ್ರಾಂ ಪ್ರಾಣಾಪಾಯ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ದೇಹದಲ್ಲಿದ್ದ ನೀರೂ ಹೋಗುತ್ತದೆ. ಪೇಪರ್ ಕಟ್ಟಿಕೊಂಡರೆ ತೊಂದರೆಯಿಲ್ಲ, ಉಪಯೋಗವೂ ಇಲ್ಲ.

ಗೀತಾ, ಶಿವಮೊಗ್ಗ: ದೇವಸ್ಥಾನದಲ್ಲಿ ತೀರ್ಥಕ್ಕೆ ಪಚ್ಚಕರ್ಪೂರ ಹಾಕ್ತಾರಲ್ಲ ಡಾಕ್ಟ್ರೇ? ಅದರಿಂದ ಯಾರಿಗೆ ಏನಾಗಿದೆ?

ಡಾಕ್ಟರ್: ಅಲ್ಲಿ ಒಂದು ಕೊಡ ನೀರಿಗೆ ಚಿಟಿಕೆ, ನೀವು ಕುಡಿಯುವುದು ಒಂದು ಉದ್ಧರಣೆ. ಆರತಿ ಕರ್ಪೂರದ ಗುಳಿಗೆಯನ್ನು ನುಂಗುವುದು ಬೇರೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಪೋಸ್ಟ್ ತೆಗೆಯಿರಿ.

ಮೇಘನಾ, ಸಿಯಾಟಲ್: ಡಾಕ್ಟರ್, ಸೆಪ್ಟೆಂಬರ್ ಕೊನೆಯಲ್ಲಿ ಸಿಯಾಟಲ್‌ನಿಂದ ಅಲಾಸ್ಕಾ, ಏಳು ದಿನ. ಮೈಸೂರಿನಿಂದ ಅಪ್ಪ ಬರುತ್ತಿದ್ದಾರೆ, 71 ವರ್ಷ. ಶುಗರ್ 18 ವರ್ಷದಿಂದ ಇದೆ. ರಾತ್ರಿ ಗ್ಲಾರ್ಜಿನ್ ಇನ್ಸುಲಿನ್ 20 ಯೂನಿಟ್, ಜೊತೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್. ಬಿಪಿಗೆ ಟೆಲ್ಮಿಸಾರ್ಟನ್-ಹೈಡ್ರೋಕ್ಲೋರೋಥಯಾಜೈಡ್. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್. ಗ್ಲಾಕೋಮಾ ಡ್ರಾಪ್ಸ್ ಹಾಕುತ್ತಾರೆ. ಸ್ನೇಹಿತರೊಬ್ಬರು ಉಳಿದಿದ್ದ ಸ್ಕೋಪೋಲಮೈನ್ ಪ್ಯಾಚ್ ಕೊಟ್ಟಿದ್ದಾರೆ. ಕಿವಿ ಹಿಂದೆ ಅಂಟಿಸಿದರೆ ಮೂರು ದಿನ ಯೋಚನೆಯಿಲ್ಲ ಅಂತಾರೆ. ಹಾಕಬಹುದಾ?

ಡಾಕ್ಟರ್: ಹಾಕಬೇಡಿ. ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಆತಂಕ ತಂದಿರುವುದು ಇದೊಂದೇ, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಮೊದಲು ಪ್ಯಾಚ್. ಆರೋಗ್ಯವಂತ ನಡುವಯಸ್ಸಿನವರಿಗೆ ಒಳ್ಳೆಯ ಔಷಧ. ನಾಲ್ಕು ಗಂಟೆ ಮೊದಲು ಅಂಟಿಸಿದರೆ 72 ಗಂಟೆ ಕೆಲಸ ಮಾಡುತ್ತದೆ. ಆದರೆ ಅದು ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ. ಗ್ಲಾಕೋಮಾ ಕಿರಿದಾದ ಕೋನದ್ದಾಗಿದ್ದರೆ (ಕೋನ ಎಂದರೆ ಕಣ್ಣಿನೊಳಗಿನ ದ್ರವ ಹರಿದುಹೋಗುವ ಜಾಗ) ಕಣ್ಣಿನ ಒತ್ತಡ ಒಮ್ಮೆಲೇ ಏರಿ ದೃಷ್ಟಿ ಹೋಗಬಹುದು. ಮೂತ್ರಕೋಶದ ಸ್ನಾಯುವನ್ನೂ ಅದು ಸಡಿಲ ಮಾಡುತ್ತದೆ. ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಕಟ್ಟಿಕೊಂಡರೆ ನಡುಸಮುದ್ರದಲ್ಲಿ ಕ್ಯಾಥೆಟರ್ ಹಾಕಬೇಕಾಗುತ್ತದೆ. 70 ದಾಟಿದವರಲ್ಲಿ ಗೊಂದಲ, ಇಲ್ಲದ್ದನ್ನು ಕಾಣುವುದು ಕೂಡ ಆಗುತ್ತದೆ. ಇನ್ನೊಬ್ಬರಿಗೆ ಬರೆದುಕೊಟ್ಟ ಪ್ಯಾಚ್ ಅಪ್ಪನ ಹತ್ತಿರ ಬರುವುದೇ ಬೇಡ.

ಕಣ್ಣಿನ ಡಾಕ್ಟರನ್ನು ಒಂದೇ ಮಾತು ಕೇಳಿ: ಕೋನ ತೆರೆದಿದೆಯೋ, ಕಿರಿದಾಗಿದೆಯೋ? ಉತ್ತರವನ್ನು ಬರೆಸಿಕೊಳ್ಳಿ. ತೆರೆದಿದ್ದರೆ, ಮೂತ್ರದ ಡಾಕ್ಟರೂ ಒಪ್ಪಿದರೆ, ಮೆಕ್ಲಿಜಿನ್ ಕಡಿಮೆ ಪ್ರಮಾಣದಲ್ಲಿ, ಅದೂ ಮೊದಲು ಮನೆಯಲ್ಲಿ ಒಂದು ದಿನ ಕೊಟ್ಟು ನೋಡಿ. ಮೂತ್ರದ ಧಾರೆ ಸಣ್ಣದಾಯಿತೇ, ನಡೆಯುವಾಗ ತೂರಾಡುತ್ತಾರೆಯೇ ಎಂದು ಗಮನಿಸಿ. ಹಾಗೇನಾದರೂ ಕಂಡರೆ ಹಡಗಿನಲ್ಲಿ ಕೊಡಬೇಡಿ. ಸಿನ್ನರಿಜಿನ್ ಊರಿಂದ ತರುತ್ತಾರೆ ಎಂದಾದರೆ ಕೈ ನಡುಕ ಇದೆಯೇ ನೋಡಿ. ಪಾರ್ಕಿನ್ಸನ್ ಲಕ್ಷಣ ಇರುವವರಿಗೆ ಅದು ಬೇಡ.

ಎರಡನೆಯದು ಇನ್ನೂ ಮುಖ್ಯ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮದಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ವ್ಯಾಂಕೂವರ್ ನಗರದಿಂದ ಹೊರಡುವವು ದ್ವೀಪಗಳ ಮರೆಯಲ್ಲಿ ಹೋಗುತ್ತವೆ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಶರತ್ಕಾಲದ ಬಿರುಗಾಳಿ ಶುರುವಾಗುತ್ತದೆ. ಮೊದಲ ರಾತ್ರಿ ಮತ್ತು ಮರುದಿನವೇ ವಾಂತಿ ಆಗುವ ಸಾಧ್ಯತೆ ಹೆಚ್ಚು.

ವಾಂತಿ ಶುರುವಾಗಿ ಊಟ ಹೊಟ್ಟೆಯಲ್ಲಿ ನಿಲ್ಲದಿದ್ದರೆ: ಡಾಪಾಗ್ಲಿಫ್ಲೋಜಿನ್ ಆ ಹೊತ್ತಿಗೇ ನಿಲ್ಲಿಸಿ. ಅದು ಮೂತ್ರದಲ್ಲಿ ಸಕ್ಕರೆ, ನೀರು ಹೊರಹಾಕುತ್ತಲೇ ಇರುತ್ತದೆ. ಉಪವಾಸದಲ್ಲಿ ಕೀಟೋನ್ (ದೇಹ ಕೊಬ್ಬು ಉರಿಸಿದಾಗ ರಕ್ತಕ್ಕೆ ಸೇರುವ ಆಮ್ಲ) ಏರುತ್ತದೆ. ಇದರಲ್ಲಿರುವ ಮೋಸ ಏನೆಂದರೆ ಗ್ಲುಕೋಮೀಟರ್ 180, 200 ತೋರಿಸುತ್ತಿರುವಾಗಲೇ ರಕ್ತ ಆಮ್ಲೀಯವಾಗಿರಬಹುದು. ಮನೆಯವರು "ಶುಗರ್ ಸರಿಯಾಗಿದೆ, ಬರೀ ಸಮುದ್ರದ ವಾಂತಿ" ಎಂದುಕೊಳ್ಳುತ್ತಾರೆ. ಮೆಟ್‌ಫಾರ್ಮಿನ್ ನಿಲ್ಲಿಸಿ. ಟೆಲ್ಮಿಸಾರ್ಟನ್ ಮತ್ತು ನೀರು ಇಳಿಸುವ ಹೈಡ್ರೋಕ್ಲೋರೋಥಯಾಜೈಡ್ ಕೂಡ, ಇಲ್ಲವಾದರೆ ಕಿಡ್ನಿಗೆ ಏಟು. ಏನೂ ತಿನ್ನದವರಿಗೆ ಗ್ಲಿಮೆಪಿರೈಡ್ ಕೊಟ್ಟರೆ ಶುಗರ್ ಕುಸಿಯುತ್ತದೆ. ಆದರೆ ಗ್ಲಾರ್ಜಿನ್ ಮಾತ್ರ ಪೂರ್ತಿ ನಿಲ್ಲಿಸಬೇಡಿ. "ಏನೂ ತಿಂದಿಲ್ಲ, ಇನ್ಸುಲಿನ್ ಬೇಡ" ಎಂಬುದೇ ಜನರನ್ನು ಐಸಿಯುಗೆ ಕಳಿಸುವುದು. ಎಷ್ಟು ಯೂನಿಟ್‌ಗೆ ಇಳಿಸಬೇಕು ಎಂಬುದನ್ನು ಅಪ್ಪನ ಶುಗರ್ ಡಾಕ್ಟರಿಂದ ಈಗಲೇ ಬರೆಸಿಕೊಳ್ಳಿ. ವಾಂತಿ ನಿಂತು 24ರಿಂದ 48 ಗಂಟೆ ಸರಿಯಾಗಿ ತಿಂದು ಕುಡಿದ ಮೇಲೆ ಹಳೆಯ ಮಾತ್ರೆಗಳು.

ರಕ್ತದ ಕೀಟೋನ್ ನೋಡುವ ಮೀಟರ್ ಮತ್ತು ಪಟ್ಟಿ ಕೊಳ್ಳಿ, ಅಮೆರಿಕದಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ವಾಂತಿ ಇರುವಷ್ಟು ಹೊತ್ತು ಎರಡರಿಂದ ನಾಲ್ಕು ಗಂಟೆಗೊಮ್ಮೆ ಶುಗರ್, ಜೊತೆಗೆ ಕೀಟೋನ್. 0.6 ದಾಟಿದರೆ ಎಚ್ಚರ, 1.5 ದಾಟಿದರೆ ಕಾಯದೆ ಹಡಗಿನ ಆಸ್ಪತ್ರೆ. ಉಸಿರು ಜೋರಾಯಿತು, ಹೊಟ್ಟೆ ನೋವು, ಮಂಕಾದರು, ಎಂಟು ಗಂಟೆ ಮೂತ್ರವಿಲ್ಲ, ಇದರಲ್ಲಿ ಯಾವುದಾದರೂ ಒಂದಿದ್ದರೆ ಮೀಟರ್ ಏನೇ ಹೇಳಲಿ, ಬನ್ನಿ. ಹಡಗಿನಲ್ಲಿ ಡ್ರಿಪ್, ಇಸಿಜಿ, ಕೆಲವು ರಕ್ತ ಪರೀಕ್ಷೆ ಇರುತ್ತದೆ. ಹೆಲಿಕಾಪ್ಟರ್ ಬರುವುದು ಹಡಗು ದಡದಿಂದ ಅದು ಮುಟ್ಟುವ ದೂರದಲ್ಲಿದ್ದರೆ ಮಾತ್ರ, ಅದೂ ಗಾಳಿ ಅವಕಾಶ ಕೊಟ್ಟರೆ. ಬೇಗ ಬಂದವರಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಕುಡಿಯಲು ಓಆರ್‌ಎಸ್: ದೊಡ್ಡ ಪೊಟ್ಟಣ, ಒಂದು ಲೀಟರಿಗೆ ಒಂದು. ಲೋಟ ಎತ್ತಿ ಗಟಗಟ ಕುಡಿಸಬೇಡಿ, ಐದು ನಿಮಿಷಕ್ಕೆ ಎರಡು ಚಮಚ. ಹಣ್ಣಿನ ರುಚಿಯ ಡಬ್ಬಿ ಪಾನೀಯ ಓಆರ್‌ಎಸ್ ಅಲ್ಲ. ಇನ್ಸುಲಿನ್, ಮಾತ್ರೆ, ಮೀಟರ್ ಎಲ್ಲ ಕೈಚೀಲದಲ್ಲಿರಲಿ. ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್‌ಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ವಿಮೆಯಲ್ಲಿ ಹಳೆಯ ಕಾಯಿಲೆ ಮತ್ತು ಹಡಗಿನಿಂದ ಸಾಗಿಸುವ ಖರ್ಚು ಎರಡೂ ಸೇರಿದೆಯೇ ನೋಡಿ.

ಮೇಘನಾ, ಸಿಯಾಟಲ್: ತುಂಬಾ ಧನ್ಯವಾದ ಡಾಕ್ಟರ್. ಪ್ಯಾಚ್ ವಾಪಸ್ ಕೊಡುತ್ತೇನೆ. ಕಣ್ಣಿನ ರಿಪೋರ್ಟ್ ತರಿಸುತ್ತಿದ್ದೇನೆ.

ನಾಗರತ್ನ, ತುಮಕೂರು: ನನಗೆ 55, ತಲೆ ತಿರುಗಿಸಿದರೆ ಸುತ್ತು ಬರುವ ಕಿವಿಯ ತೊಂದರೆ ಇದೆ, ಕ್ರೂಸ್ ಹೋಗಬಹುದಾ ಡಾಕ್ಟ್ರೇ?

ಸಂತೋಷ್, ಹಾಸನ: ಸರ್ ಯಾವ ಟ್ಯಾಬ್ಲೆಟ್ ಬೆಸ್ಟ್?

ಡಾಕ್ಟರ್: ಮೇಲೆ ಸುಮಾ ಅವರಿಗೆ ಬರೆದಿದ್ದೇನೆ.

ಫಾತಿಮಾ, ಭಟ್ಕಳ: ಮೇ ಮೂರನೇ ವಾರ ಕೊಚ್ಚಿಯಿಂದ ಕವರತ್ತಿಗೆ ಹಡಗು. ಮಗಳಿಗೆ ನಾಲ್ಕು ವರ್ಷ. ಅವೊಮಿನ್ ಅರ್ಧ ಕೊಡಬಹುದಾ?

ಡಾಕ್ಟರ್: ಅಂದಾಜಿನಲ್ಲಿ ಮುರಿದು ಕೊಡಬೇಡಿ. ಅವೊಮಿನ್ ಎಂದರೆ ಪ್ರೊಮೆಥಜಿನ್, ಅದು ಎರಡು ವರ್ಷದೊಳಗಿನ ಮಗುವಿನ ಉಸಿರು ಕುಗ್ಗಿಸುತ್ತದೆ. ನಾಲ್ಕು ವರ್ಷಕ್ಕೆ ಮಕ್ಕಳ ಡಾಕ್ಟರ್ ತೂಕ ನೋಡಿ ಹೇಳಲಿ. ಮೇ ಮೂರನೇ ವಾರ ಯಾಕೆ? ಟೌಕ್ಟೆ ಚಂಡಮಾರುತ 2021ರ ಮೇ ಮಧ್ಯದಲ್ಲಿ ಲಕ್ಷದ್ವೀಪದ ಬಳಿಯೇ ಹುಟ್ಟಿತು. ಆಗುವುದಾದರೆ ಜನವರಿ-ಫೆಬ್ರವರಿಗೆ ಹಾಕಿಕೊಳ್ಳಿ.

ಪ್ರಕಾಶ್, ಮಂಗಳೂರು: ಲಕ್ಷದ್ವೀಪಕ್ಕೆ ಹೋಗುವವರು ಇನ್ನೊಂದು ಗಮನಿಸಿ. ದೊಡ್ಡ ಹಡಗು ಹೆಚ್ಚಿನ ದ್ವೀಪಗಳಲ್ಲಿ ಲಗೂನ್ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು) ಹೊರಗೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿ. ಅಪಾಯ ಇರುವುದು ಆ ದಾಟುವಿಕೆಯಲ್ಲಿ. ದೋಣಿ ಅಲೆಯ ಮೇಲೆ ಏರಿ ಒಂದು ಕ್ಷಣ ನಿಂತಾಗ ಕಾಲಿಡಬೇಕು, ಇಳಿಯುತ್ತಿರುವಾಗಲ್ಲ. ಎರಡೂ ಕೈ ಖಾಲಿ ಇರಬೇಕು, ಮಗುವನ್ನು ಸಿಬ್ಬಂದಿಗೆ ಕೊಡಬೇಕು. ಹಡಗಿಗೂ ದೋಣಿಗೂ ನಡುವೆ ಕೈ ಇಟ್ಟರೆ ಬೆರಳು ಉಳಿಯುವುದಿಲ್ಲ. ಹೊರಡುವ ಮೊದಲು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಅಲೆ ಮುನ್ಸೂಚನೆ ನೋಡಿ. ಅದರಲ್ಲಿ ಅಲೆಯ ಎತ್ತರ 3 ಮೀಟರ್ ಎಂದಿದ್ದರೆ ಅದು ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ. ನಡುವೆ ಒಂದೊಂದು ಅದರ ಎರಡು ಪಟ್ಟು ಬರುತ್ತದೆ.

ವಿನಯ್, ಟ್ರಾವೆಲ್ಸ್: ಮತ್ತೆ ಭಯ. ದೊಡ್ಡ ಕ್ರೂಸ್ ಹಡಗಿಗೆ ಬಿರುಗಾಳಿಯಿಂದ ಇದುವರೆಗೆ ಏನೂ ಆಗಿಲ್ಲ.

ಪ್ರಕಾಶ್, ಮಂಗಳೂರು: ವೈಕಿಂಗ್ ಸ್ಕೈ, ನಾರ್ವೆಯ ಹುಸ್ತಾದ್‌ವಿಕಾ, 23 ಮಾರ್ಚ್ 2019. ಲೂಬ್ ಆಯಿಲ್ ಟ್ಯಾಂಕಿನಲ್ಲಿ ಎಣ್ಣೆ ಕಡಿಮೆ ಇತ್ತು. ಹಡಗು ಹೊಯ್ದಾಡಿದಾಗ ಪಂಪ್ ಎಣ್ಣೆಯ ಬದಲು ಗಾಳಿ ಎಳೆಯಿತು, ಒತ್ತಡ ಇಳಿದು ಎಂಜಿನ್‌ಗಳು ತಾವಾಗಿ ನಿಂತವು. ಬಂಡೆಗಳ ಹತ್ತಿರ ತೇಲಿತು. 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿದರು. ಒಳಗೆ ಕುರ್ಚಿ, ಪೀಠೋಪಕರಣ ಜಾರಿ ಜನರಿಗೆ ಗಾಯವಾಯಿತು. ಏನೂ ಆಗಿಲ್ಲ ಅನ್ನಬೇಡಿ.

ವಿನಯ್, ಟ್ರಾವೆಲ್ಸ್: ಹಡಗು ಮುಳುಗಲಿಲ್ಲವಲ್ಲ. ಯಾರೂ ಸಾಯಲೂ ಇಲ್ಲ.

ಬಸವರಾಜ, ಹುಬ್ಬಳ್ಳಿ: ಏಜೆಂಟ್ರ, ಸಾಯಲಿಲ್ಲ ಅಂದ್ರ ಆತೇನ್ರಿ? ನಮ್ಮ ಅವ್ವನ ಮ್ಯಾಲ ಕುರ್ಚಿ ಬಿದ್ರ ನೀವು ಬರ್ತೀರೇನ್ರಿ?

ರಘು, ಉಡುಪಿ: ಬಿರುಗಾಳಿಗೆ ಬಂದರು ರದ್ದಾದರೆ ದುಡ್ಡು ವಾಪಸ್ ಬರುತ್ತಾ? ಏಜೆಂಟ್ ಇದ್ದಾರಲ್ಲ, ಹೇಳಲಿ.

ಸಂಧ್ಯಾ, ಮಸ್ಕತ್: ಪ್ರಕಾಶ್ ಅವರೇ, ವಿನಯ್ ಅವರೇ, ಇದು ಡಾಕ್ಟರಿಗೆ ಪ್ರಶ್ನೆ ಕೇಳುವ ಜಾಗ. ಡಾಕ್ಟರ್, ನಾನು ಗರ್ಭಿಣಿ, ಹೊರಡುವಾಗ 22 ವಾರ, ಹತ್ತು ದಿನದ ಪ್ರವಾಸ. ಮಾತ್ರೆ?

ಡಾಕ್ಟರ್: ವಾಪಸಾಗುವ ದಿನ 23 ವಾರ ದಾಟಿ 24ನೆಯದು ನಡೆಯುತ್ತಿರುತ್ತದೆ. ಹೆಚ್ಚಿನ ಕಂಪನಿಗಳು ಪ್ರವಾಸದ ಯಾವುದೇ ದಿನ 24ನೇ ವಾರ ಶುರುವಾಗುವಂತಿದ್ದರೆ ಹತ್ತಿಸಿಕೊಳ್ಳುವುದಿಲ್ಲ. ಸ್ಕ್ಯಾನ್ ತಾರೀಖಿನಿಂದ ಲೆಕ್ಕ ಹಾಕಿ, ಕಂಪನಿಯನ್ನು ಲಿಖಿತವಾಗಿ ಕೇಳಿ. ಮಾತ್ರೆ ನಿಮ್ಮ ಹೆರಿಗೆ ಡಾಕ್ಟರ್ ಹೇಳಬೇಕು.

ನಾಗರತ್ನ, ತುಮಕೂರು: ಡಾಕ್ಟ್ರೇ ನನ್ನ ಪ್ರಶ್ನೆ ಮೇಲೆ ಇದೆ.

ಸಂತೋಷ್, ಹಾಸನ: ಶುಂಠಿ ಸಾಕಲ್ವಾ? ಮಾತ್ರೆ ಎಲ್ಲ ಕಂಪನಿಗಳ ದಂಧೆ ಅಂತ ಒಂದು ವಿಡಿಯೋ ಬಂದಿದೆ, ಹಾಕ್ತೀನಿ.

ಡಾಕ್ಟರ್: ಹಾಕಬೇಡಿ. ಶುಂಠಿ ಸ್ವಲ್ಪ ಅಲೆಗೆ ಸ್ವಲ್ಪ ಜನರಿಗೆ ಸಹಾಯ ಮಾಡುತ್ತದೆ, ತಿನ್ನಿ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಶುಂಠಿ ಕ್ಯಾಪ್ಸೂಲ್ ಬೇಡ. ಮಣಿಕಟ್ಟಿನ ಪಟ್ಟಿಯಿಂದ ಹಾನಿಯಿಲ್ಲ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಬಿರಿಯಾನಿಯೂ ಬೇಡ. ಒಣ ಬಿಸ್ಕತ್ತು, ಇಡ್ಲಿ, ಮೊಸರನ್ನ.

ಗೀತಾ, ಶಿವಮೊಗ್ಗ: ನಾವು ಹೇಳಿದ್ರೆ ತಪ್ಪು, ಇವರು ಹೇಳಿದ್ರೆ ಸರಿ. ನಮ್ಮ ಅಜ್ಜಿಯರು ಯಾವ ಮಾತ್ರೆ ನುಂಗಿದ್ರು?

ಪ್ರಕಾಶ್, ಮಂಗಳೂರು: ನಿಮ್ಮ ಕರ್ಪೂರದ ಪೋಸ್ಟ್ ಇನ್ನೂ ಅಲ್ಲೇ ಇದೆ, ಮೊದಲು ಅದನ್ನು ತೆಗೀರಿ ಮಾರಾಯ್ರೆ.

ಬಸವರಾಜ, ಹುಬ್ಬಳ್ಳಿ: ವಾಂತಿ ಜೋಡಿ ಭೇದಿನೂ ಆದ್ರ ಏನ್ರಿ ಡಾಕ್ಟ್ರ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಭೇದಿ, ಜ್ವರ ಇದ್ದರೆ ಅದು ಅಲೆಯ ವಾಂತಿ ಅಲ್ಲ, ನೊರೊವೈರಸ್ ಎಂದೇ ತಿಳಿದು ಕ್ಯಾಬಿನ್‌ನಿಂದ ಫೋನ್ ಮಾಡಿ, ನಡೆದು ಬರಬೇಡಿ. ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪಿನಿಂದ 20 ಸೆಕೆಂಡ್ ತೊಳೆಯಿರಿ. ಇನ್ನೊಂದು, ಅವ್ವನಿಗೆ ಹೇಳಿ: ಹಡಗು ಹೊಯ್ದಾಡುವಾಗ ಮುರಿದ ಸೊಂಟ, ಜಜ್ಜಿದ ಬೆರಳು ಬರುವುದು ಬಾತ್‌ರೂಮಿನ ಹೊಸ್ತಿಲು ಮತ್ತು ಬಾಗಿಲಿನಿಂದ. ಬಾಗಿಲನ್ನು ಹಿಡಿಕೆಯಿಂದ ಮಾತ್ರ ಹಿಡಿಯಬೇಕು, ಚೌಕಟ್ಟಿನ ಮೇಲೆ ಕೈ ಇಡಬಾರದು. ಚಪ್ಪಲಿ ಬೇಡ, ರಬ್ಬರ್ ತಳದ ಶೂ. ಸದಾ ಒಂದು ಕೈ ಕಂಬಿಯ ಮೇಲೆ. ಬಾಲ್ಕನಿ ಬಾಗಿಲು ಗಾಳಿಯಲ್ಲಿ ತೆರೆಯಬಾರದು. ರಾತ್ರಿ ಬಾತ್‌ರೂಮ್ ದೀಪ ಆರಿಸಬೇಡಿ.

ವಿನಯ್, ಟ್ರಾವೆಲ್ಸ್: ಬಸವರಾಜ್ ಸರ್, ನಡು ಭಾಗದಲ್ಲಿ ಕೆಳಗಿನ ಡೆಕ್‌ನಲ್ಲಿ ಎರಡು ಕ್ಯಾಬಿನ್ ಉಳಿದಿದೆ, ಇನ್‌ಬಾಕ್ಸ್ ಮಾಡಿ.

ಪ್ರಕಾಶ್, ಮಂಗಳೂರು: ಯಾವ ಕ್ಯಾಬಿನ್ ಆದರೂ ಒಂದೇ ಅಂದವರು ನೀವೇ ಅಲ್ಲವೇ?

ಅಡ್ಮಿನ್: ವ್ಯಾಪಾರದ ಕಾಮೆಂಟ್ ತೆಗೆಯುತ್ತೇನೆ. ಕರ್ಪೂರದ ಪೋಸ್ಟ್ ತೆಗೆದಿದ್ದೇನೆ.

ಸಂತೋಷ್, ಹಾಸನ: ಸರ್ ಹಾಗಾದ್ರೆ ಫೈನಲ್ ಆಗಿ ಯಾವ ಟ್ಯಾಬ್ಲೆಟ್?

ಡಾಕ್ಟರ್: ವಯಸ್ಸು, ಕಾಯಿಲೆ, ಈಗಿನ ಮಾತ್ರೆ ಬರೆಯದವರಿಗೆ ನಾನು ಔಷಧದ ಹೆಸರು ಹೇಳುವುದಿಲ್ಲ.